ತಾಂತ್ರಿಕ ಪುಸ್ತಕಗಳಲ್ಲಿ ಇಷ್ಟೊಂದು ತಪ್ಪು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ವರ್ಷ ತಾಂತ್ರಿಕ ಪುಸ್ತಕಗಳ ಪ್ರೂಫ್ ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ವರ್ಷ ಅವುಗಳಿಂದಲೇ ಕಲಿತಿದ್ದೇನೆ. ಗೆಳೆಯರು, ವಿದ್ಯಾರ್ಥಿಗಳು, ಹೊಸದಾಗಿ ಬರೆಯಲು ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಒಂದಕ್ಷರ ತಪ್ಪಾದರೆ ಅಷ್ಟೊಂದು ಬೇಜಾರು ಯಾಕೆ? ಕಾದಂಬರಿಯಲ್ಲೂ ಮುದ್ರಣದೋಷ ಇರುತ್ತಲ್ವಾ?

ಇರುತ್ತದೆ. ಆದರೆ ಕಾದಂಬರಿಯಲ್ಲಿ 'ಮನೆ' ಹೋಗಿ 'ಮೆನ' ಆದರೆ ನಮ್ಮ ಮನಸ್ಸೇ ಅದನ್ನು ಸರಿ ಮಾಡಿಕೊಂಡು ಮುಂದೆ ಹೋಗುತ್ತದೆ. ಅಕ್ಕಪಕ್ಕದ ಮಾತುಗಳು ಕೈ ಹಿಡಿದು ನಡೆಸುತ್ತವೆ. ಸೂತ್ರಕ್ಕೆ, ಪ್ರೋಗ್ರಾಮಿಗೆ ಆ ಆಸರೆ ಇಲ್ಲ. 10⁶ ಎಂದು ಬರೆದಲ್ಲಿ ಮೇಲಿದ್ದ 6 ಕೆಳಗಿಳಿದರೆ 106 ಆಗುತ್ತದೆ. ಹತ್ತು ಲಕ್ಷ ಇದ್ದದ್ದು ನೂರ ಆರಾಯಿತು. ನೋಡಲು 106ರಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಸ್ಪೆಲಿಂಗ್ ನೋಡುವ ತಂತ್ರಾಂಶ ಅದನ್ನು ಹಿಡಿಯುವುದಿಲ್ಲ. ವಿಷಯ ಗೊತ್ತಿದ್ದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದರೆ ಮಾತ್ರ ಸಿಗುತ್ತದೆ.

ಇಂಥ ತಪ್ಪುಗಳ ಒಂದು ದೊಡ್ಡ ಸಂಸಾರವೇ ಇದೆ. ಪ್ರೋಗ್ರಾಮಿನಲ್ಲಿ ಇರಬೇಕಾದ ನೇರ ಉದ್ಧರಣ ಚಿಹ್ನೆಯನ್ನು ಪುಟ ಕಟ್ಟುವ ತಂತ್ರಾಂಶ ತಾನಾಗಿಯೇ ಬಾಗಿಸಿಬಿಡುತ್ತದೆ. ನೋಡಲು ಚೆಂದ, ಆದರೆ ಅದನ್ನು ಕಾಪಿ ಮಾಡಿ ಓಡಿಸಿದರೆ ದೋಷ ಬರುತ್ತದೆ. ಕಮಾಂಡಿನ ಎರಡು ಕಿರುಗೆರೆಗಳು ಸೇರಿ ಒಂದು ಉದ್ದ ಗೆರೆಯಾಗುತ್ತವೆ. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಸಾಲಿನ ಮೊದಲ ಖಾಲಿ ಜಾಗಕ್ಕೇ ಅರ್ಥ ಇದೆ. ಆ ಜಾಗ ಅಳಿಸಿಹೋದರೆ ಇಡೀ ಪ್ರೋಗ್ರಾಂ ಕುಸಿಯುತ್ತದೆ. ಉದ್ದನೆಯ ಹೆಸರು ಸಾಲಿನ ಕೊನೆಯಲ್ಲಿ ಮುರಿದು ಅಲ್ಲೊಂದು ಕಿರುಗೆರೆ ಬಂದರೆ, ಆ ಗೆರೆ ಹೆಸರಿನದ್ದೋ ಅಚ್ಚಿನದ್ದೋ ಎಂದು ಓದುವವರಿಗೆ ತಿಳಿಯುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ವಿಷಯ ಬಲ್ಲವರು ತಪ್ಪನ್ನು ಕಂಡು ದಾಟಿಕೊಂಡು ಹೋಗುತ್ತಾರೆ. ಕಲಿಯುವವರಿಗೆ ಅದು ಆಗುವುದಿಲ್ಲ. ಪುಸ್ತಕ ಹೇಳಿದ್ದು ಸರಿ, ನನಗೇ ಅರ್ಥ ಆಗ್ತಿಲ್ಲ ಎಂದುಕೊಳ್ಳುತ್ತಾರೆ. ನಾನು ಸರ್ಕ್ಯೂಟ್‌ಗಳನ್ನು ಕಲಿಯುತ್ತಿದ್ದಾಗ ಒಂದು ಪುಸ್ತಕದ ಸಮೀಕರಣದಲ್ಲಿ ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ಮೂರು ರಾತ್ರಿ ಲೆಕ್ಕ ಮಾಡಿದೆ, ಉತ್ತರ ಸರಿಹೋಗಲಿಲ್ಲ. ಈ ವಿಷಯ ನನ್ನ ತಲೆಗೆ ಹತ್ತುವುದಲ್ಲ ಎಂದು ತೀರ್ಮಾನಿಸಿ ಪುಸ್ತಕ ಮುಚ್ಚಿಟ್ಟಿದ್ದೆ. ಗೆಳೆಯನೊಬ್ಬ ಬೇರೆ ಪುಸ್ತಕದಲ್ಲಿ ಅದೇ ಸಮೀಕರಣ ತೋರಿಸಿದ ಮೇಲೆ ನಿಜ ಗೊತ್ತಾಯಿತು. ಅವನು ತೋರಿಸದಿದ್ದರೆ ನಾನು ಆ ವಿಷಯವನ್ನೇ ಬಿಡುತ್ತಿದ್ದೆ. ಹಾಗೆ ಬಿಟ್ಟವರು ಎಷ್ಟು ಜನ ಇದ್ದಾರೋ! ಅವರು ಯಾರಿಗೂ ದೂರು ಬರೆಯುವುದಿಲ್ಲ, ಯಾಕೆಂದರೆ ತಪ್ಪು ತಮ್ಮದೇ ಎಂದು ನಂಬಿರುತ್ತಾರೆ.

ಹಿಂದಿನ ಪುಸ್ತಕಗಳು ನಿಜಕ್ಕೂ ಚೆನ್ನಾಗಿದ್ದವಾ? ಇದು ಬರೀ ಹಳೆಯದರ ಮೋಹ ಅಲ್ವಾ?

ಸ್ವಲ್ಪ ಮೋಹ ಇದೆ, ಒಪ್ಪುತ್ತೇನೆ. ಹಳೆಯ ಕೆಟ್ಟ ಪುಸ್ತಕಗಳು ಯಾವತ್ತೋ ರದ್ದಿಗೆ ಹೋದವು. ನಮ್ಮ ಕಪಾಟಿನಲ್ಲಿ ಉಳಿದಿರುವುದು ಒಳ್ಳೆಯವು ಮಾತ್ರ. ಮುದ್ರಾರಾಕ್ಷಸನ ಕಾಟವಂತೂ ಹೊಸದಲ್ಲ. 1821ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಮತ್ತು ಖಗೋಳಜ್ಞ ಜಾನ್ ಹರ್ಷಲ್ ಕೂತು ಖಗೋಳ ಲೆಕ್ಕದ ಕೋಷ್ಟಕಗಳನ್ನು ಒಂದಕ್ಕೊಂದು ತಾಳೆ ನೋಡುತ್ತಿದ್ದರು. ತಪ್ಪಿನ ಮೇಲೆ ತಪ್ಪು ಸಿಕ್ಕಿತು. ಈ ಲೆಕ್ಕಗಳನ್ನೆಲ್ಲ ಉಗಿಯಂತ್ರವೇ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬ್ಯಾಬೇಜ್ ಬೇಸತ್ತು ನುಡಿದರು. ಅವರ ಲೆಕ್ಕದ ಯಂತ್ರದ ಯೋಜನೆ ಬೆಳೆದದ್ದು ಅಲ್ಲಿಂದ. ಆ ಯಂತ್ರಕ್ಕೆ ಉತ್ತರವನ್ನು ತಾನೇ ಅಚ್ಚು ಮಾಡುವ ಭಾಗವನ್ನೂ ಅವರು ಯೋಚಿಸಿದ್ದರು. ಲೆಕ್ಕ ಸರಿ ಇದ್ದರೂ ನಕಲು ಮಾಡುವಾಗ, ಅಚ್ಚಿನ ಮೊಳೆ ಜೋಡಿಸುವಾಗ ತಪ್ಪು ನುಸುಳುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಹಿಂದೆ ತಪ್ಪೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಬದಲಾದದ್ದು ಬೇರೆ. ಪುಸ್ತಕ ನಿಮ್ಮ ಕೈಗೆ ಬರುವ ಮುಂಚೆ ಅದನ್ನು ಎಷ್ಟು ಜನ ಓದುತ್ತಿದ್ದರು, ಬಂದ ಮೇಲೆ ತಪ್ಪು ಸಿಕ್ಕರೆ ಯಾರು ತಿದ್ದುತ್ತಿದ್ದರು ಎನ್ನುವುದು ಬದಲಾಗಿದೆ.

ಎಷ್ಟು ಜನ ಓದುತ್ತಿದ್ದರು?

ಒಳ್ಳೆಯ ಪ್ರಕಾಶನದಲ್ಲಿ ಲೇಖಕರ ನಂತರ ಕನಿಷ್ಠ ನಾಲ್ಕು ಜೊತೆ ಕಣ್ಣು. ಮೊದಲನೆಯವರು ಪುಸ್ತಕದ ಹಂದರ ನೋಡುವ ಸಂಪಾದಕರು. ಮೂರನೇ ಅಧ್ಯಾಯದಲ್ಲಿ ಬಳಸಿದ ಪದವನ್ನು ಏಳನೆಯದರಲ್ಲಿ ವಿವರಿಸಿದ್ದೀರಲ್ಲ ಎಂದು ಕೇಳುವವರು ಇವರೇ. ಆಮೇಲೆ ವಿಷಯ ಬಲ್ಲ ರಿವ್ಯೂವರ್. ಪ್ರೋಗ್ರಾಂ ಓಡಿಸಿ, ಲೆಕ್ಕ ಮಾಡಿ ನೋಡುವುದು ಅವರ ಕೆಲಸ. ಮೂರನೆಯವರು ಕಾಪಿ ಎಡಿಟರ್. ವಾಕ್ಯ, ಪದಬಳಕೆ, ಚಿತ್ರದ ಸಂಖ್ಯೆ, 'ಮುಂದೆ ನೋಡಿ' ಎಂದ ಕಡೆ ನಿಜಕ್ಕೂ ಏನಾದರೂ ಇದೆಯಾ ಎಂಬುದು ಅವರ ಪಾಲಿಗೆ. ಕೊನೆಗೆ ಪ್ರೂಫ್ ರೀಡರ್. ಹಸ್ತಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಪುಟ ಪುಟವನ್ನೂ ತಾಳೆ ನೋಡುವವರು.

ಈ ನಾಲ್ಕರಲ್ಲಿ ಮೊದಲು ಕತ್ತರಿ ಬಿದ್ದದ್ದು ಕೊನೆಯವರಿಗೆ. ಪುಟ ಕಟ್ಟಿದ ಪಿಡಿಎಫ್ ಅನ್ನು ಲೇಖಕರಿಗೇ ಕಳಿಸಿ 'ಒಂದು ವಾರದಲ್ಲಿ ನೋಡಿ ಹೇಳಿ' ಎನ್ನುವುದು ಈಗ ಮಾಮೂಲಿ. ತಾನು ಬರೆದದ್ದರಲ್ಲಿ ತಪ್ಪು ಹುಡುಕಲು ಲೇಖಕರಷ್ಟು ಅನರ್ಹರು ಇನ್ನೊಬ್ಬರಿಲ್ಲ. ಪುಟದಲ್ಲಿ ಏನಿದೆ ಎನ್ನುವುದಕ್ಕಿಂತ ತಮ್ಮ ತಲೆಯಲ್ಲಿ ಏನಿದೆ ಎನ್ನುವುದನ್ನೇ ಅವರು ಓದುತ್ತಾರೆ. ಇದು ಸೋಮಾರಿತನ ಅಲ್ಲ, ಎಲ್ಲರ ಕಣ್ಣೂ ಹೀಗೆಯೇ.

ರಿವ್ಯೂವರ್ ಪಾಡು ಬೇರೆ. ಒಮ್ಮೆ ನನಗೆ ನಾನೂರಕ್ಕೂ ಜಾಸ್ತಿ ಪುಟಗಳ ಹಸ್ತಪ್ರತಿ ಕೊಟ್ಟು ಹತ್ತು ದಿನ ಗಡುವು ಹಾಕಿದರು. ರಾತ್ರಿ ಕೂತು ಪ್ರತಿ ಉದಾಹರಣೆಯನ್ನೂ ಓಡಿಸಿ, ಉದ್ದದ ಪಟ್ಟಿ ಮಾಡಿ ಕಳಿಸಿದೆ. ಪುಸ್ತಕ ಬಂದಾಗ ನೋಡಿದರೆ ಆ ಪಟ್ಟಿಯ ಅರ್ಧ ತಿದ್ದುಪಡಿಯೂ ಒಳಗೆ ಹೋಗಿರಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ 'ತಾಂತ್ರಿಕ ಪರಿಶೀಲನೆ' ಎಂದು ನನ್ನ ಹೆಸರು ಮಾತ್ರ ದೊಡ್ಡದಾಗಿತ್ತು. ತುಂಬಾ ನೋವಾಯಿತು.

ಲೇಖಕರು ಸರಿಯಾಗಿ ಬರೆದಿದ್ದರೆ ತಪ್ಪು ಎಲ್ಲಿಂದ ಬರುತ್ತದೆ?

ದಾರಿಯಲ್ಲಿ. ಲೇಖಕರು ಒಂದು ತಂತ್ರಾಂಶದಲ್ಲಿ ಬರೆಯುತ್ತಾರೆ. ಸಂಪಾದಕರು ಇನ್ನೊಂದರಲ್ಲಿ ತಿದ್ದುತ್ತಾರೆ. ಪುಟ ಕಟ್ಟುವವರು ಅದನ್ನು ಎಕ್ಸ್‌ಎಂಎಲ್ ಎಂಬ ಗುರುತು ಹಾಕಿದ ಪಠ್ಯರೂಪಕ್ಕೆ ಹಾಕಿ, ಅಲ್ಲಿಂದ ಅಚ್ಚಿಗೆ ಒಂದು ರೂಪ, ಈಬುಕ್‌ಗೆ ಇನ್ನೊಂದು ರೂಪ ಮಾಡುತ್ತಾರೆ. ಪ್ರತಿ ದಾಟಿನಲ್ಲೂ ಏನಾದರೂ ಉದುರುತ್ತದೆ. ಪುಟ ಕಟ್ಟುವವರನ್ನು ಬೈಯುವುದು ಸುಲಭ. ಆದರೆ ಸಾಲಿನ ಮೊದಲ ನಾಲ್ಕು ಖಾಲಿ ಜಾಗ ಮುಖ್ಯ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಪುಟಕ್ಕಿಷ್ಟು ಎಂಬ ಲೆಕ್ಕದ ಕೂಲಿ, ತಲೆಯ ಮೇಲೆ ಗಡುವು.

ಇದಕ್ಕೆ ಮದ್ದು ತುಂಬಾ ಹಿಂದೆಯೇ ಗೊತ್ತಿತ್ತು. ಬ್ರಯಾನ್ ಕರ್ನಿಹಾನ್ ಮತ್ತು ಡೆನಿಸ್ ರಿಚಿ 1978ರಲ್ಲಿ ಸಿ ಎಂಬ ಪ್ರೋಗ್ರಾಂ ಭಾಷೆಯ ಬಗ್ಗೆ ಬರೆದ ಪುಸ್ತಕದ ಮುನ್ನುಡಿಯಲ್ಲಿ ಒಂದು ಮಾತಿದೆ. ಎಲ್ಲ ಉದಾಹರಣೆಗಳನ್ನೂ ಪುಸ್ತಕದ ಪಠ್ಯದಿಂದಲೇ ನೇರವಾಗಿ ತೆಗೆದು ಪರೀಕ್ಷಿಸಿದ್ದೇವೆ ಎನ್ನುತ್ತಾರೆ. ಅಂದರೆ ಅಚ್ಚಾಗುವ ಸಾಲು, ಯಂತ್ರದಲ್ಲಿ ಓಡಿದ ಸಾಲು ಎರಡೂ ಒಂದೇ. ನಡುವೆ ಮನುಷ್ಯರ ಕೈ ಬೆರಳು ಇಲ್ಲ. ಅವತ್ತಿನ ಯಂತ್ರಗಳಲ್ಲಿ ಸಾಧ್ಯವಾದದ್ದು ಇವತ್ತು ಯಾಕೆ ಆಗುವುದಿಲ್ಲ?

ಕ್ನೂತ್ ಅವರ ಚೆಕ್ಕಿನ ಕಥೆ ನಿಜವಾ?

ನಿಜ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದಲ್ಲಿ ತಪ್ಪು ಕಂಡುಹಿಡಿದ ಮೊದಲಿಗರಿಗೆ 2.56 ಡಾಲರ್ ಕೊಡುತ್ತಾರೆ. ಹದಿನಾರರ ಎಣಿಕೆಯಲ್ಲಿ 100 ಎಂದು ಬರೆದರೆ ನಮ್ಮ 256, ಹಾಗಾಗಿ 256 ಸೆಂಟ್ ಆ ಎಣಿಕೆಯಲ್ಲಿ ಒಂದು ಡಾಲರ್. ಆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡವರು ಎಷ್ಟೋ ಜನ. ಬ್ಯಾಂಕ್ ಮೋಸದ ಕಾಟದಿಂದ 2008ರಲ್ಲಿ ಮಾಮೂಲಿ ಚೆಕ್ ನಿಲ್ಲಿಸಿ ಪ್ರಮಾಣಪತ್ರ ಕೊಡಲು ಶುರು ಮಾಡಿದರು.

ಆದರೆ ಚೆಕ್ಕಿಗಿಂತ ದೊಡ್ಡ ಕಥೆ ಅಚ್ಚಿನದು. ಅವರ ಮಹಾಗ್ರಂಥ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್'ನ ಮೊದಲ ಸಂಪುಟ 1968ರಲ್ಲಿ ಬಂದಿತ್ತು, ಬಿಸಿ ಸೀಸದಲ್ಲಿ ಎರಕ ಹೊಯ್ದ ಮೊಳೆಗಳಿಂದ. 1977ರಲ್ಲಿ ಎರಡನೇ ಸಂಪುಟದ ಹೊಸ ಆವೃತ್ತಿಯ ಪ್ರೂಫ್ ಬಂತು. ಅಷ್ಟರಲ್ಲಿ ಮುದ್ರಣ ಫೋಟೋ ಅಕ್ಷರಜೋಡಣೆಗೆ, ಅಂದರೆ ಅಕ್ಷರಗಳನ್ನು ಬೆಳಕಿನಿಂದ ಫಿಲ್ಮಿನ ಮೇಲೆ ಮೂಡಿಸುವ ವಿಧಾನಕ್ಕೆ ಹೊರಳಿತ್ತು. ಗಣಿತದ ಪುಟಗಳು ಕಳೆಗೆಟ್ಟಿದ್ದವು. ಇಂಥ ಅಚ್ಚಿನಲ್ಲಿ ತಮ್ಮ ಪುಸ್ತಕ ಬರಬಾರದು ಎಂದು ಅವರು ಬರವಣಿಗೆ ಬದಿಗಿಟ್ಟು, ಪುಟ ಕಟ್ಟುವ ತಂತ್ರಾಂಶವನ್ನೇ ಬರೆಯಲು ಕೂತರು. ಬೇಗ ಮುಗಿಯುವ ಕೆಲಸ ಎಂದುಕೊಂಡದ್ದು ಸುಮಾರು ಹತ್ತು ವರ್ಷ ಹಿಡಿಯಿತು. ಅದೇ ಟೆಕ್ (TeX) ಎಂಬ ತಂತ್ರಾಂಶ. ಜಗತ್ತಿನ ಗಣಿತಜ್ಞರು ಇವತ್ತಿಗೂ ಅದರಲ್ಲೇ ಬರೆಯುತ್ತಾರೆ, ಅದು ಪುಕ್ಕಟೆ ಸಿಗುತ್ತದೆ. ಎಲ್ಲ ಲೇಖಕರೂ ಹತ್ತು ವರ್ಷ ಕೊಡಬೇಕಾಗಿಲ್ಲ. ಅವರು ಕೊಟ್ಟಿದ್ದಾರಲ್ಲ, ನಾವು ಬಳಸಿದರೆ ಸಾಕು.

ಹೀಗೆ ಯಾಕಾಯ್ತು? ಪ್ರಕಾಶಕರ ದುರಾಸೆನಾ?

ದುರಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಒಳಗೆ ಕೆಲಸ ಮಾಡುವ ಎಷ್ಟೋ ಜನ ಪುಸ್ತಕವನ್ನು ಪ್ರೀತಿಸುವವರೇ.

ಮೊದಲನೆಯ ಕಾರಣ ಅವಸರ. ಪುಸ್ತಕ ಬರೆಯಲು ವರ್ಷ ಬೇಕು. ಅಷ್ಟರೊಳಗೆ ತಂತ್ರಾಂಶದ ಹೊಸ ಆವೃತ್ತಿ ಬಂದಿರುತ್ತದೆ. ತಡವಾದರೆ ಪುಸ್ತಕ ಹಳಸುತ್ತದೆ ಎಂಬ ಭಯದಲ್ಲಿ ಕೊನೆಯ ಹಂತಗಳನ್ನು ಹಾರಿಬಿಡುತ್ತಾರೆ. ತಾಂತ್ರಿಕ ಪುಸ್ತಕದ ಕೊನೆಯ ಹಂತಗಳೆಂದರೆ ತಿದ್ದುವ ಹಂತಗಳೇ. ಜೊತೆಗೆ, ಸಣ್ಣ ಪುಟ್ಟ ಪ್ರಶ್ನೆಗಳಿಗೆ ಉತ್ತರ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವಂತಾದ ಮೇಲೆ ಒಂದೊಂದು ಪುಸ್ತಕದ ಮಾರಾಟವೂ ಇಳಿಯಿತು. ಕಡಿಮೆ ಮಾರುವ ಪುಸ್ತಕಕ್ಕೆ ಕಡಿಮೆ ಖರ್ಚು ಎಂದು ಲೆಕ್ಕ ಹಾಕಿದರು.

ಆಮೇಲೆ ಪ್ರಕಾಶನ ಸಂಸ್ಥೆಗಳು ಒಂದಾದವು. ಅಡಿಸನ್-ವೆಸ್ಲಿ 1988ರಲ್ಲಿ ಪಿಯರ್ಸನ್ ಕೈಗೆ ಹೋಯಿತು. ಹತ್ತು ವರ್ಷದ ನಂತರ ಪ್ರೆಂಟಿಸ್ ಹಾಲ್ ಕೂಡ ಅಲ್ಲಿಗೇ ಸೇರಿತು. ಒಂದು ಕಾಲಕ್ಕೆ ಒಬ್ಬರ ಮೇಲೊಬ್ಬರು ಜಿದ್ದಿಗೆ ಬಿದ್ದು ಒಳ್ಳೆಯ ಪುಸ್ತಕ ಮಾಡುತ್ತಿದ್ದವರು ಒಂದೇ ಸೂರಿನಡಿ ಬಂದರು. ಆ ಜಿದ್ದು ಹೋಯಿತು. ಈಚೆಗೆ ಚಂದಾದ ಕಾಲ. ಒರೈಲಿ ಸಂಸ್ಥೆ 2017ರಲ್ಲಿ ತನ್ನ ತಾಣದಲ್ಲಿ ಬಿಡಿ ಪುಸ್ತಕ ಮಾರುವುದನ್ನೇ ನಿಲ್ಲಿಸಿ ಚಂದಾದ ಕಡೆ ತಿರುಗಿತು. ಓದುವವರಿಗೆ ಇದರಿಂದ ಅನುಕೂಲವೂ ಇದೆ. ಆದರೆ ಸಾವಿರಾರು ಪುಸ್ತಕಗಳ ಕಟ್ಟನ್ನು ಒಟ್ಟಿಗೆ ಮಾರುವಾಗ ಒಂದು ಪುಸ್ತಕದ 143ನೇ ಪುಟದ ತಪ್ಪಿಗೆ ತೂಕ ಕಡಿಮೆಯಾಗುತ್ತದೆ ಎಂಬುದು ನನ್ನ ಅನಿಸಿಕೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾರಣ ಭಯ ಹೋದದ್ದು. ಹಿಂದೆ ಒಮ್ಮೆಗೇ ಸಾವಿರಾರು ಪ್ರತಿ ಅಚ್ಚು ಹಾಕುತ್ತಿದ್ದರು. ತಪ್ಪಿದ್ದರೆ ಆ ಎಲ್ಲ ಪ್ರತಿಗಳೂ ಗೋದಾಮಿನಲ್ಲಿ ಕೂತು ಅಣಕಿಸುತ್ತಿದ್ದವು. 'ತಪ್ಪು-ಒಪ್ಪು' ಚೀಟಿ ಅಚ್ಚು ಹಾಕಿಸಿ ಒಂದೊಂದರ ಒಳಗೂ ಇಡಬೇಕಿತ್ತು. ಅದಕ್ಕೇ ಮುಂಚೆಯೇ ಹತ್ತು ಸಲ ನೋಡುತ್ತಿದ್ದರು. ಈಗ ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚಾಗುತ್ತದೆ. 'ಆಮೇಲೆ ತಿದ್ದಿದರಾಯ್ತು' ಎನ್ನುವ ಮಾತು ಎಲ್ಲರ ಬಾಯಲ್ಲೂ ಬಂತು. ಆ ಆಮೇಲೆ ಬರುವುದೇ ಇಲ್ಲ.

ಕಾಗದ, ಬೈಂಡಿಂಗ್ ಕೂಡ ಕೆಟ್ಟಿದೆಯಾ?

ಎಷ್ಟೋ ಕಡೆ ಹೌದು. ತಾಂತ್ರಿಕ ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಬೇಕು. ಕೈ ಕೀಬೋರ್ಡ್ ಮೇಲೋ ಸೋಲ್ಡರಿಂಗ್ ಕಡ್ಡಿಯ ಮೇಲೋ ಇರುತ್ತದಲ್ವಾ? ಹೊಲಿಗೆ ಹಾಕಿದ ಪುಸ್ತಕ ಮಲಗುತ್ತದೆ. ಬೆನ್ನಿಗೆ ಬರೀ ಬಿಸಿ ಅಂಟು ಬಳಿದದ್ದು ಮುಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ಬೆನ್ನು ಸೀಳಿ ಹಾಳೆ ಉದುರುತ್ತದೆ. ಕಾಗದಕ್ಕೂ ನಾರಿನ ದಿಕ್ಕು ಇದೆ. ಅದು ಬೆನ್ನಿಗೆ ಸಮಾನಾಂತರವಾಗಿದ್ದರೆ ಪುಟ ಮೆತ್ತಗೆ ಮಗುಚುತ್ತದೆ. ಅಡ್ಡವಾಗಿದ್ದರೆ ಹಲಗೆಯಂತೆ ಸೆಟೆದುಕೊಂಡು ನಿಲ್ಲುತ್ತದೆ. ಬಣ್ಣದಲ್ಲಿ ಬರೆದ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ಹಾಕಿ, 'ಕೆಂಪು ಗೆರೆಯನ್ನು ನೋಡಿ' ಎಂಬ ವಾಕ್ಯವನ್ನು ಹಾಗೇ ಬಿಟ್ಟ ಪುಸ್ತಕಗಳನ್ನೂ ಕಂಡಿದ್ದೇನೆ.

ಈಬುಕ್ ಆದರೆ ಸುಲಭವಾಗಿ ತಿದ್ದಬಹುದಲ್ವಾ?

ತಿದ್ದಬಹುದು. ತಿದ್ದುವವರನ್ನು ಇಟ್ಟುಕೊಂಡಿದ್ದರೆ. ಅದರ ಮೇಲೆ ಈಬುಕ್‌ಗೆ ತನ್ನದೇ ರೋಗಗಳಿವೆ. ಸಮೀಕರಣಗಳನ್ನು ಮಸುಕು ಚಿತ್ರಗಳಾಗಿ ಅಂಟಿಸಿರುತ್ತಾರೆ. ಅಕ್ಷರ ದೊಡ್ಡದು ಮಾಡಿದರೂ ಅವು ಬೆಳೆಯುವುದಿಲ್ಲ. ಕೋಷ್ಟಕದ ಬಲಗಡೆಯ ಕಂಬಸಾಲು ಪರದೆಯ ಆಚೆ ಹೋಗಿರುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಚಿತ್ರದ ಸಮೀಕರಣ ಏನೂ ಅಲ್ಲ, ಸುಮ್ನೆ ದಾಟಿ ಹೋಗುತ್ತದೆ.

ಹುಡುಕುವ ಸೌಲಭ್ಯ ಇರುವಾಗ ಪದಸೂಚಿ ಯಾಕೆ ಬೇಕು?

ಪದ ಎಲ್ಲೆಲ್ಲಿ ಬಂದಿದೆ ಎಂದು ಯಂತ್ರ ಹೇಳುತ್ತದೆ. ಆ ವಿಷಯದ ವಿವರಣೆ ಎಲ್ಲಿದೆ ಎಂದು ಪದಸೂಚಿ ಮಾಡಿದವರು ಹೇಳುತ್ತಾರೆ. ಪುಸ್ತಕದಲ್ಲಿ ಇಲ್ಲದ ಪದವನ್ನು ನೀವು ಹುಡುಕುತ್ತೀರಿ ಎಂದು ಮೊದಲೇ ಊಹಿಸಿ, ಸರಿಯಾದ ಪದದ ಕಡೆ ಕಳಿಸುತ್ತಾರೆ. ಇದು ಇಡೀ ಪುಸ್ತಕ ಓದಿ ಅರ್ಥ ಮಾಡಿಕೊಂಡವರ ಕೆಲಸ.

ಕೃತಕ ಬುದ್ಧಿಮತ್ತೆ ಬರೆದ ಪುಸ್ತಕಗಳ ಬಗ್ಗೆ ಏನು ಹೇಳುತ್ತೀರಿ?

ಎಷ್ಟು ಬರುತ್ತಿದ್ದವು ಎನ್ನುವುದಕ್ಕೆ ಒಂದು ಅಳತೆ ಹೇಳುತ್ತೇನೆ. ಸ್ವಂತ ಪ್ರಕಟಣೆಗೆ ಅವಕಾಶ ಕೊಡುವ ಅಮೆಜಾನ್ ಸೇವೆ 2023ರ ಸೆಪ್ಟೆಂಬರ್‌ನಲ್ಲಿ ಒಂದು ಮಿತಿ ಹಾಕಿತು. ಒಬ್ಬರು ದಿನಕ್ಕೆ ಮೂರಕ್ಕಿಂತ ಜಾಸ್ತಿ ಹೊಸ ಪುಸ್ತಕ ಹಾಕುವಂತಿಲ್ಲ. ದಿನಕ್ಕೆ ಮೂರು! ಯಂತ್ರದಿಂದ ಬರೆಸಿದ್ದರೆ ತನಗೆ ತಿಳಿಸಬೇಕು ಎಂದೂ ಕೇಳಿತು.

ಇವುಗಳ ತಪ್ಪು ಹಳೆಯ ತಪ್ಪಿನಂತಲ್ಲ. ವಾಕ್ಯ ನುಣುಪಾಗಿರುತ್ತದೆ, ಕಾಗುಣಿತ ಸರಿ ಇರುತ್ತದೆ. ಆದರೆ ಹೇಳಿದ ಫಂಕ್ಷನ್ (ಸಿದ್ಧ ಪ್ರೋಗ್ರಾಂ ತುಣುಕು) ಆ ಲೈಬ್ರರಿಯಲ್ಲಿ, ಅಂದರೆ ಅಂಥ ತುಣುಕುಗಳ ಸಂಗ್ರಹದಲ್ಲಿ, ಇರುವುದೇ ಇಲ್ಲ. ಯಂತ್ರದ ಸಹಾಯ ಪಡೆಯುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಹೇಳಿದ್ದನ್ನು ಮಾಡಿ ನೋಡಿದವರು ಯಾರು, ಇಷ್ಟೇ ನನ್ನ ಪ್ರಶ್ನೆ. ಯಾರೂ ಮಾಡಿ ನೋಡದ ಪುಸ್ತಕವನ್ನು ಮಾರಬಾರದು.

ಐದು ನಕ್ಷತ್ರದ ವಿಮರ್ಶೆ ನೋಡಿ ಕೊಳ್ಳಬಹುದಾ?

ಅದೊಂದನ್ನೇ ನಂಬಬೇಡಿ. 1960ರ ದಶಕದಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಗಣಿತ ಪಠ್ಯ ಆರಿಸುವ ಸಮಿತಿಯಲ್ಲಿದ್ದರು. ಪುಸ್ತಕಗಳನ್ನು ನಿಜಕ್ಕೂ ಓದಿದವರು ಅಲ್ಲಿ ಕಡಿಮೆ. ಒಂದು ಪುಸ್ತಕ ಗಡುವಿಗೆ ಮುಗಿಯದೆ, ರಟ್ಟಿನೊಳಗೆ ಬರೀ ಖಾಲಿ ಹಾಳೆಗಳಿದ್ದವು. ಅದಕ್ಕೂ ಕೆಲವರು ಅಂಕ ಕೊಟ್ಟಿದ್ದರು ಎಂದು ಅವರು ನೆನಪಿಸಿಕೊಂಡಿದ್ದಾರೆ. 143ನೇ ಪುಟದಲ್ಲಿ ಹೀಗಿದೆ ಎಂದು ಬರೆದ ಒಂದು ವಿಮರ್ಶೆ, 'ಅದ್ಭುತ' ಎಂದ ನೂರಕ್ಕಿಂತ ಮೇಲು.

ಹಾಗಾದರೆ ಕೊಳ್ಳುವ ಮುಂಚೆ ಏನು ನೋಡಲಿ?

ನಿಮಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ವಿಷಯದ ಅಧ್ಯಾಯ ತೆಗೆದು ಎರಡು ಪುಟ ಓದಿ. ಗೊತ್ತಿರುವಲ್ಲೇ ತಪ್ಪು ಸಿಕ್ಕರೆ ಗೊತ್ತಿಲ್ಲದ ಕಡೆ ಏನು ಗತಿ? ನಾನು ಯಾವಾಗಲೂ ಮೊದಲು ಮಾಡುವುದು ಇದನ್ನೇ.

ಆಮೇಲೆ ಹಕ್ಕುಸ್ವಾಮ್ಯದ ಪುಟಕ್ಕೆ ಹೋಗಿ. ಎಷ್ಟೋ ಪುಸ್ತಕಗಳಲ್ಲಿ ಅಲ್ಲಿ '10 9 8 7 6 5 4 3' ಎಂಬಂತೆ ಅಂಕಿಗಳ ಸಾಲು ಇರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕ ಅಂಕಿ ಎಷ್ಟನೇ ಮುದ್ರಣ ಎಂದು ಹೇಳುತ್ತದೆ. ಮೂರನೆಯದಾದರೆ ಎರಡು ಸಲವಾದರೂ ತಿದ್ದಲು ಅವಕಾಶ ಸಿಕ್ಕಿದೆ ಎಂದರ್ಥ. ಪ್ರಕಾಶಕರ ಅಥವಾ ಲೇಖಕರ ತಾಣದಲ್ಲಿ 'ತಪ್ಪು-ಒಪ್ಪು' ಪಟ್ಟಿ ಇದೆಯಾ ನೋಡಿ. ಉದ್ದದ ಪಟ್ಟಿ ಕಂಡು ಹೆದರಬೇಡಿ, ಅದು ಒಳ್ಳೆಯ ಲಕ್ಷಣ. ಪಟ್ಟಿಯೇ ಇಲ್ಲದ ಐನೂರು ಪುಟದ ಪುಸ್ತಕ ನನಗೆ ಅನುಮಾನ ತರಿಸುತ್ತದೆ.

ನಾನೇ ಒಂದು ಪುಸ್ತಕ ಬರೆಯುತ್ತಿದ್ದೇನೆ. ಪ್ರಕಾಶಕರನ್ನು ಏನು ಕೇಳಬೇಕು?

ಸಹಿ ಹಾಕುವ ಮುಂಚೆಯೇ ಕೇಳಿ. ಪ್ರೂಫ್ ಯಾರು ನೋಡುತ್ತಾರೆ? ರಿವ್ಯೂವರ್‌ಗೆ ಎಷ್ಟು ದಿನ ಕೊಡುತ್ತೀರಿ, ಸಂಭಾವನೆ ಇದೆಯಾ? ಪದಸೂಚಿ ಯಾರು ಮಾಡುತ್ತಾರೆ? ಮರುಮುದ್ರಣಕ್ಕೆ ಮುಂಚೆ ನನ್ನ ತಿದ್ದುಪಡಿಗಳನ್ನು ಸೇರಿಸುತ್ತೀರಾ? ಉತ್ತರವನ್ನು ಕರಾರಿನಲ್ಲೇ ಬರೆಸಿಕೊಳ್ಳಿ.

ನಿಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಪ್ರೋಗ್ರಾಮುಗಳನ್ನು ಬೇರೆ ಕಡತಗಳಲ್ಲಿ ಇಟ್ಟು, ಓಡಿಸಿ, ಪುಸ್ತಕದ ಪುಟಕ್ಕೆ ಅಲ್ಲಿಂದಲೇ ಬರುವ ಹಾಗೆ ಮಾಡಿ. ಕೈಯಿಂದ ಕಾಪಿ ಮಾಡಿ ಅಂಟಿಸಬೇಡಿ. ಹಾಗೆ ಅಂಟಿಸಿದ್ದು ಮೂರನೇ ತಿದ್ದುಪಡಿಯ ಹೊತ್ತಿಗೆ ಖಂಡಿತ ತಪ್ಪಿರುತ್ತದೆ.

ಓದುವಾಗ ತಪ್ಪು ಸಿಕ್ಕಿತು. ಏನು ಮಾಡಲಿ?

ಮೊದಲು, ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ನಿಲ್ಲಿಸಿ. ಲೆಕ್ಕ ಎರಡು ಸಲ ಮಾಡಿದರೂ ಹೊಂದದಿದ್ದರೆ ಪುಸ್ತಕವೂ ತಪ್ಪಿರಬಹುದು ಎಂದುಕೊಂಡು ಇನ್ನೊಂದು ಕಡೆ ತಾಳೆ ನೋಡಿ.

ತಪ್ಪು ಖಚಿತವಾದರೆ ಲೇಖಕರಿಗೆ ಬರೆಯಿರಿ. ಆವೃತ್ತಿ, ಮುದ್ರಣ, ಪುಟ, ಸಾಲು, ಈಗ ಏನಿದೆ, ಏನಿರಬೇಕು, ಯಾಕೆ. ಇಷ್ಟು ಸಾಕು, ಬೈಗುಳ ಬೇಡ. ನನಗೆ ಗೊತ್ತಿರುವ ಹೆಚ್ಚಿನ ಲೇಖಕರು ಇಂಥ ಪತ್ರಕ್ಕೆ ಖುಷಿಪಡುತ್ತಾರೆ. ಉತ್ತರ ಬರದೇ ಹೋದರೂ ಪುಟದ ಅಂಚಿನಲ್ಲಿ ಸರಿಯಾದದ್ದನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ಗ್ರಂಥಾಲಯದ ಪುಸ್ತಕವಾದರೆ ಒಂದು ಚೀಟಿಯಲ್ಲಿ ಬರೆದು ಆ ಪುಟದಲ್ಲೇ ಇಟ್ಟು, ಕೌಂಟರಿನಲ್ಲಿರುವವರಿಗೂ ಹೇಳಿ ಬನ್ನಿ. ನಿಮ್ಮ ನಂತರ ಅದೇ ಪುಟದಲ್ಲಿ ಇನ್ನೊಬ್ಬರು ರಾತ್ರಿಯೆಲ್ಲ ಕೂರುವವರಿದ್ದಾರೆ.